ಅರ್ಧ ಕಿಲೋ ಬಂಗುಡೆಯಷ್ಟು ಬಿಗಿ

ಯಾವುದನ್ನೇ ಆಗಲಿ ಒಮ್ಮೆ ಹಿಡಿದು ಅಲ್ಲಾಡಿಸಿ ನೋಡದೆ ನಂಬುವವರಲ್ಲ ನಮ್ಮ ಬೆಳ್ತಂಗಡಿ ಕಡೆಯವರು. ಯಾರಾದರೂ ಮನೆಗೆ ಹೊಸ ಗೇಟು ಕೂರಿಸಿದರೆ ದಾರಿಯಲ್ಲಿ ಹೋಗುವವರೆಲ್ಲ ಅದನ್ನು ಒಮ್ಮೆ ಅಲ್ಲಾಡಿಸಿಯೇ ಮುಂದೆ ಹೋಗುತ್ತಾರೆ. ಹೊಸ ಕುರ್ಚಿ ತಂದರೆ ಕೂರುವ ಮೊದಲು ಅದರ ಕಾಲು ಅಲ್ಲಾಡಿಸುತ್ತಾರೆ. ನಾನು ಹಲ್ಲಿನ ಡಾಕ್ಟರನಾದ್ದರಿಂದ ಈ ಗುಣದ ಪರಿಚಯ ನನಗೆ ಬೇರೆಯವರಿಗಿಂತ ಹೆಚ್ಚು. ನನ್ನ ಕುರ್ಚಿಯಲ್ಲಿ ಕೂತ ರೋಗಿ ಬಾಯಿ ತೆರೆದು ಸುಮ್ಮನಿರುವುದಿಲ್ಲ. ತನ್ನದೇ ಎರಡು ಬೆರಳು ಬಾಯಿಗೆ ಹಾಕಿ, ಹಲ್ಲನ್ನು ಹಿಂದೆ ಮುಂದೆ ಆಡಿಸಿ, "ನೋಡಿ ಡಾಕ್ಟ್ರೇ, ಹೀಗೆ" ಎಂದು ತೋರಿಸುತ್ತಾನೆ. ಹೀಗೆ ತೋರಿಸಿ ತೋರಿಸಿಯೇ ಅದು ಅಷ್ಟು ಸಡಿಲವಾದದ್ದು ಎಂದು ನಾನು ಹೇಳಿದರೆ ನಂಬುವುದಿಲ್ಲ.

ಇಂಥ ಊರಿಗೆ ನನ್ನ ಭಾವ ಪ್ರಭಾಕರ ಒಂದು ಕಾರ್ಬನ್ ಸೈಕಲನ್ನು ತಂದ. ಪ್ರಭಾಕರನೆಂದರೆ ನನ್ನ ಹೆಂಡತಿ ಸುಜಾತಳ ತಮ್ಮ, ಮಸ್ಕತ್ತಿನಲ್ಲಿ ಹೋಟೆಲಿನ ಮ್ಯಾನೇಜರು. ನಮ್ಮ ಕಡೆ ಅವನಿಗೆ ನಾನೂ ಭಾವ, ನನಗೆ ಅವನೂ ಭಾವ. ನಮ್ಮ ಊರಿಗೆ ಮೊಬೈಲು ಬಂದು, ಸಿಗ್ನಲ್ಲು ಮಾತ್ರ ಇನ್ನೂ ದಾರಿಯಲ್ಲಿದ್ದ ವರ್ಷಗಳವು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವಾಗ ನನಗೊಂದು ಉಡುಗೊರೆ ತರುವುದು ಅವನ ಪದ್ಧತಿ. ಭಾವ ಕೊಟ್ಟದ್ದನ್ನು ಅವನ ರಜೆ ಮುಗಿಯುವುದರೊಳಗೆ ಅವನ ಕಣ್ಣೆದುರೇ ಒಮ್ಮೆ ಉಪಯೋಗಿಸಿ ತೋರಿಸಬೇಕು ಎನ್ನುವುದು ಹೆಂಡತಿಯ ಮನೆಯ ಪದ್ಧತಿ. ಹಿಂದಿನ ಸಲ ಅವನು ತಂದ ಚರ್ಮದ ಜಾಕೀಟನ್ನು ಏಪ್ರಿಲ್ ತಿಂಗಳ ನಡುಹಗಲಲ್ಲಿ ತೊಟ್ಟುಕೊಂಡು ನಾನು ಮೂಡುಬಿದಿರೆಯ ಮಾವನ ಮನೆಯಲ್ಲಿ ಊಟ ಮಾಡಿದ್ದೇನೆ. ಪಾಯಸ ಬಡಿಸುವ ಹೊತ್ತಿಗೆ ನನ್ನ ಕಣ್ಣಿಗೆ ಎಲೆ ಎರಡೆರಡಾಗಿ ಕಾಣುತ್ತಿತ್ತು. ಆದರೂ "ಒಳ್ಳೆ ಬೆಚ್ಚಗೆ ಉಂಟು" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಈ ಸಲ ರಟ್ಟಿನ ಪೆಟ್ಟಿಗೆ ಬಿಚ್ಚಿದಾಗ ಒಳಗಿದ್ದದ್ದು ಸೈಕಲ್ಲು. "ಭಾವನ ಹೊಟ್ಟೆ ಕರಗಲಿ ಅಂತ ತಂದದ್ದು. ಬರುವ ಆದಿತ್ಯವಾರ ಭಾವ ಇದರಲ್ಲೇ ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಊಟಕ್ಕೆ ಬರುವುದು," ಎಂದು ಪ್ರಭಾಕರ ಘೋಷಿಸಿದ. ನನ್ನ ಹೊಟ್ಟೆಯ ವಿಷಯ ಬಿಡಿ. ನನಗೆ ಒಡನೆ ನೆನಪಾದದ್ದು ನನ್ನ ಮುಂದಿನ ಹಲ್ಲುಗಳು. ಬೊಕ್ಕತಲೆಯವನು ಕೂದಲೆಣ್ಣೆ ಮಾರಬಹುದು, ಜನ ನಕ್ಕಾದರೂ ಕೊಳ್ಳುತ್ತಾರೆ. ಮುಂದಿನ ಹಲ್ಲಿಲ್ಲದ ಹಲ್ಲಿನ ಡಾಕ್ಟರನ ಹತ್ತಿರ ಯಾರು ಬರುತ್ತಾರೆ? ಕಾಲೇಜು ಬಿಟ್ಟ ಮೇಲೆ ಸೈಕಲ್ಲು ಮುಟ್ಟದ ನಾನು ಮೂಡುಬಿದಿರೆ ಮುಟ್ಟುವಾಗ ನನ್ನ ಬಾಯಿಯಲ್ಲಿ ಎಷ್ಟು ಉಳಿದಿರುತ್ತದೆ ಎಂಬುದೇ ಆ ವಾರವಿಡೀ ನನ್ನನ್ನು ಕಾಡಿದ ಪ್ರಶ್ನೆ.

ಸೈಕಲನ್ನು ಕಂಡವರೆಲ್ಲ ಒಂದು ಬೆರಳಿನಿಂದ ಎತ್ತಿ ನೋಡಿದರು. ದೊಡ್ಡದೊಂದು ಹಲಸಿನಹಣ್ಣಿನಷ್ಟೂ ಭಾರವಿರಲಿಲ್ಲ. ಗಣಿತದ ಮೇಷ್ಟ್ರಾಗಿ ನಿವೃತ್ತರಾದ ಮಾವನವರು ಮಗನ ಜೊತೆಗೇ ನಮ್ಮಲ್ಲಿಗೆ ಬಂದು ಉಳಿದಿದ್ದರು. "ಕಾರ್ಬನ್ ಅಂದ್ರೆ ಎಂತ, ನಮ್ಮ ತಾಲೂಕಾಫೀಸಿನ ಕಾರ್ಬನ್ ಪೇಪರಿನದ್ದೇ ಕಾರ್ಬನ್ನಾ?" ಎಂದು ಕೇಳಿದರು. ಇದ್ದಿಲು, ಪೆನ್ಸಿಲಿನ ಕಡ್ಡಿ, ವಜ್ರ ಎಲ್ಲವೂ ಒಂದೇ ಕುಟುಂಬದವು ಎಂದು ನಾನು ವಿವರಿಸಿದೆ. ಮಾವನವರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಇದು ವಜ್ರದ ಕಡೆಯದ್ದಾ, ಪೆನ್ಸಿಲಿನ ಕಡೆಯದ್ದಾ, ಅದನ್ನು ಹೇಳಿ" ಎಂದರು. ಪ್ರಶ್ನೆ ನ್ಯಾಯವಾದದ್ದೇ.

ಸೈಕಲ್ಲಿನ ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿತ್ತು. ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಲಿವರು ಕೂರಿಸಬೇಕು. ಗೇರು ಬದಲಿಸುವುದೂ ಅದರಲ್ಲೇ, ಬ್ರೇಕು ಹಿಡಿಯುವುದೂ ಅದರಲ್ಲೇ. ಒಂದು ಲೋಹದ ಪಟ್ಟಿ ಹ್ಯಾಂಡಲ್ಲನ್ನು ಸುತ್ತಿ ಲಿವರನ್ನು ಹಿಡಿದುಕೊಳ್ಳುತ್ತದೆ, ಒಂದು ಸ್ಕ್ರೂ ಆ ಪಟ್ಟಿಯನ್ನು ಬಿಗಿಯುತ್ತದೆ. ಇಷ್ಟೇ ಕೆಲಸ. ಪೆಟ್ಟಿಗೆಯಲ್ಲಿ ಆ ಸ್ಕ್ರೂ ತಿರುಗಿಸುವ ಅಲೆನ್ ಕೀ ಇರಲಿಲ್ಲವೆಂದು ಪ್ರಭಾಕರ ಬಂಟ್ವಾಳಕ್ಕೆ ಹೋದವನು, ಕೀಯ ಜೊತೆಗೆ ಸೈಕಲ್ ಶಾಪಿನ ಹಮೀದಾಕರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಬಂದ. ಹಮೀದಾಕ ಸೈಕಲ್ಲಿಗೆ ಒಂದು ಸುತ್ತು ಬಂದು ನಕ್ಕರು. "ಮಾರಾಯ್ರೇ, ಹ್ಯಾಂಡಲ್ ತಲೆಕೆಳಗಾಗಿ ಉಂಟು. ರೇಸಿಂಗ್ ಸೈಕಲ್ ಯಾವುದು ಬಂದ್ರೂ ನಾವು ಕೊಂಬು ಮೇಲೆ ಮಾಡಿಯೇ ಕೊಡುದು. ಬೆನ್ನು ನೆಟ್ಟಗೆ ಇಟ್ಟು ಹೋಗ್ಬಹುದು, ಹಿಂದೆ ಒಂದು ಗೋಣಿ ಅಕ್ಕಿಯೂ ಇಡ್ಬಹುದು." ಇದರ ಹಿಂದೆ ಅಕ್ಕಿ ಇಡುವ ಜಾಗವೇ ಇಲ್ಲವೆಂದು ತಿಳಿದ ಮೇಲೆ ಅವರಿಗೆ ಸೈಕಲ್ಲಿನ ಮೇಲಿದ್ದ ಗೌರವ ಪೂರಾ ಇಳಿಯಿತು. ಚಹಾ ಕುಡಿದು ಬಸ್ಸು ಹತ್ತಿದರು.

ಲಿವರು ಎಲ್ಲಿ ಕೂರಬೇಕು ಎಂಬುದರ ಮೇಲೆ ಮನೆಯಲ್ಲಿ ಎರಡು ಪಕ್ಷಗಳಾದವು. ಟಿವಿಯಲ್ಲಿ ಕಂಡ ಹಾಗೆ ಆದಷ್ಟು ಕೆಳಗಿರಲಿ ಎಂದು ಪ್ರಭಾಕರ. ಮನುಷ್ಯ ಪೇಪರು ಓದುವಾಗ ಕೈ ಎಲ್ಲಿರುತ್ತದೋ ಅಲ್ಲಿರಲಿ ಎಂದು ಮಾವ. ಕೊನೆಗೆ, ನಾನು ಸೈಕಲ್ಲಿನ ಮೇಲೆ ಕಣ್ಣು ಮುಚ್ಚಿ ಕೂತು ಕೈ ಮುಂದೆ ಚಾಚಬೇಕು, ಕೈ ತಾನಾಗಿ ಎಲ್ಲಿ ನಿಲ್ಲುತ್ತದೋ ಅದೇ ಲಿವರಿನ ಸ್ಥಾನ ಎಂದು ರಾಜಿಯಾಯಿತು. ಇಬ್ಬರೂ ಎರಡು ಕಡೆ ಹಿಡಿದುಕೊಂಡರು. ನಾನು ಹತ್ತಿ ಕೂತೆ, ಕಣ್ಣು ಮುಚ್ಚಿದೆ, ಕೈ ಚಾಚಿದೆ. ಕಣ್ಣು ಬಿಟ್ಟಾಗ ಎಲ್ಲರೂ ನಗುತ್ತಿದ್ದರು. ಇಷ್ಟು ವರ್ಷ ಜನರ ಬಾಯಿಯ ಮೇಲೆ ಬಗ್ಗಿ ಬಗ್ಗಿ ನನ್ನ ಕೈಗಳು ಎದೆಯ ಮಟ್ಟದಲ್ಲಿ ಒಂದಕ್ಕೊಂದು ಹತ್ತಿರ ಬಂದು, ಒಂದು ಕನ್ನಡಿ ಹಿಡಿದಂತೆ, ಇನ್ನೊಂದು ಇಕ್ಕಳ ಹಿಡಿದಂತೆ ಗಾಳಿಯಲ್ಲಿ ನಿಂತಿದ್ದವು. ಅಲ್ಲಿ ಹ್ಯಾಂಡಲ್ಲೇ ಇರಲಿಲ್ಲ. "ಅಲ್ಲಿಂದ ನೇರ ಕೆಳಗೆ ಗೆರೆ ಎಳೆಯುವ" ಎಂದು ಮಾವನವರು ತೂಗುಗುಂಡು ಇಳಿಬಿಟ್ಟು, ಅದು ತಾಗಿದ ಎತ್ತರದಲ್ಲಿ ಎರಡೂ ಕಡೆ ಗುರುತು ಹಾಕಿದರು.

ಆ ಗುರುತಿನ ಮೇಲೆ ಲಿವರು ಕೂರಿಸುವ ಮೊದಲು ಮಾವನವರು ಇನ್ನೊಂದು ಕೆಲಸ ಮಾಡಿದ್ದರು. ನಮ್ಮ ಕಡೆ ಹೊಸದಾಗಿ ಏನು ಬಂದರೂ ಮೊದಲು ತೆಂಗಿನೆಣ್ಣೆ. ಹೊಸ ಕತ್ತಿಗೆ, ಹೊಸ ದೋಸೆಕಲ್ಲಿಗೆ, ಹೊಸ ಬೀಗಕ್ಕೆ, ಆಗತಾನೆ ಹುಟ್ಟಿದ ಮಗುವಿಗೆ ಎಲ್ಲದಕ್ಕೂ ಎಣ್ಣೆ. ಮಸ್ಕತ್ತಿನಿಂದ ಬಂದ ಹ್ಯಾಂಡಲ್ಲು ಇದರಿಂದ ತಪ್ಪಿಸಿಕೊಳ್ಳುವುದು ಹೇಗೆ? ಅವರು ಅದಕ್ಕೆ ಧಾರಾಳವಾಗಿ ಎಣ್ಣೆ ತಿಕ್ಕಿ ಮಿರಮಿರ ಮಿಂಚುವಂತೆ ಮಾಡಿದ್ದರು. ಲಿವರು ಕೂರಿಸಿದ ಮೇಲೆ ನಾನು ಅಂಗಳದಲ್ಲಿ ಹತ್ತಿ, ಎರಡೂ ಲಿವರಿನ ಮೇಲೆ ಭಾರ ಹಾಕಿದೆ. ಅವೆರಡೂ ಸಾವಕಾಶವಾಗಿ ಜಾರುತ್ತಾ ಕೆಳಗೆ ಹೋದವು. ಅವುಗಳ ಜೊತೆಗೆ ನಾನೂ ಬಗ್ಗುತ್ತಾ ಬಗ್ಗುತ್ತಾ ಹೋಗಿ ತುಳಸಿಕಟ್ಟೆಗೆ ಹಣೆ ಮುಟ್ಟಿಸಿ ನಿಂತೆ. ನೋಡಿದವರಿಗೆ ಭಕ್ತಿಯೆಂದೇ ಅನಿಸಿರಬೇಕು.

"ಬಿಗಿಯಾಗಲಿಲ್ಲ. ಕೀಗೆ ಪೈಪು ಹಾಕಿ ತಿರುಗಿಸುವ," ಎಂದ ಪ್ರಭಾಕರ.

ಆಗ ನಾನು ಪೆಟ್ಟಿಗೆಯೊಳಗಿನ ಕೈಪಿಡಿಯನ್ನು ಓದಿ ಹೇಳಿದೆ. ಹಾಗೆ ಬಿಗಿದರೆ ಕಾರ್ಬನ್ನು ಒಳಗಿನಿಂದ ಬಿರಿಯುತ್ತದೆ, ಬಿರಿದದ್ದು ಹೊರಗೆ ಕಾಣುವುದಿಲ್ಲ, ಒಂದು ದಿನ ಇಳಿಜಾರಿನಲ್ಲಿ ಹ್ಯಾಂಡಲ್ಲು ಎರಡು ತುಂಡಾಗಿ ಕೈಗೆ ಬರುತ್ತದೆ. ಸಡಿಲ ಬಿಟ್ಟರೆ ಲಿವರು ಜಾರುತ್ತದೆ. ಸವಾರಿಯಲ್ಲಿ ಅಲುಗಬಾರದು, ಆದರೆ ಬಿದ್ದಾಗ ಹೊಡೆತಕ್ಕೆ ತಿರುಗಿಕೊಳ್ಳಬೇಕು. ಲಿವರು ತಿರುಗಿದರೆ ಹ್ಯಾಂಡಲ್ಲು ಉಳಿಯುತ್ತದೆ. ಎಣ್ಣೆ ತಾಗಿಸಲೇ ಕೂಡದು. ಎಲ್ಲದರ ಕೊನೆಗೆ, ಬಿಗಿ ಐದು ನ್ಯೂಟನ್ ಮೀಟರಿಗೆ ಮೀರಬಾರದು, ಅದನ್ನು ಅಳೆಯುವ ವಿಶೇಷ ಸ್ಪ್ಯಾನರಿನಿಂದಲೇ ಬಿಗಿಯಬೇಕು. ಅಂಥ ಸ್ಪ್ಯಾನರು ಬೆಳ್ತಂಗಡಿಯಲ್ಲಾಗಲಿ ಬಂಟ್ವಾಳದಲ್ಲಾಗಲಿ ಇರಲಿಲ್ಲ.

ಎಣ್ಣೆಯನ್ನು ನನ್ನ ಕ್ಲಿನಿಕ್ಕಿನ ಸ್ಪಿರಿಟ್ಟಿನಿಂದ ಒರೆಸಿ ತೆಗೆದದ್ದಾಯಿತು. ನ್ಯೂಟನ್ನಿನ ಹೆಸರು ಕೇಳಿದ್ದೇ ಮಾವನವರಿಗೆ ಶಾಲೆಯ ದಿನಗಳ ಹುರುಪು ಬಂದಿತ್ತು. ಬೆರಳಲ್ಲೇ ಗಾಳಿಯಲ್ಲಿ ಲೆಕ್ಕ ಬರೆದರು. "ಒಂದು ಮೀಟರು ಉದ್ದದ ಕೋಲಿನ ತುದಿಗೆ ಅರ್ಧ ಕಿಲೋ ನೇತಾಡಿಸಿದ್ರೆ ಅದೇ ಐದು ನ್ಯೂಟನ್ ಮೀಟರ್. ಸ್ಪ್ಯಾನರ್ ಎಂತಕ್ಕೆ ಬೇಕು?" ಮನೆಯಲ್ಲಿ ಮೀಟರ್ ಕೋಲಿತ್ತು. ಅರ್ಧ ಕಿಲೋದ ಬಟ್ಟು ಇರಲಿಲ್ಲ. ಸರಿಯಾಗಿ ಆ ಹೊತ್ತಿಗೆ ಮೀನಿನವನು ಹಾರ್ನು ಊದುತ್ತಾ ಬಂದ. ಸುಜಾತ ಅರ್ಧ ಕಿಲೋ ಬಂಗುಡೆ ತೂಗಿಸಿಕೊಂಡಳು. ಕೋಲಿಗೂ ತನ್ನದೇ ತೂಕ ಇರುತ್ತದೆಂದು ಮಾವನವರು ಅದರಿಂದ ಒಂದು ಸಣ್ಣ ಬಂಗುಡೆಯನ್ನು ಕಳೆದರು. ಅಲೆನ್ ಕೀಗೆ ಕೋಲು ಕಟ್ಟಿ, ಕೋಲಿನ ತುದಿಗೆ ಚೀಲ ಕಟ್ಟಿ, ಚೀಲದಲ್ಲಿ ಬಂಗುಡೆ ಇಳಿಬಿಟ್ಟೆವು. ಕೋಲು ಗಂಭೀರವಾಗಿ ಸ್ವಲ್ಪ ಕೆಳಗಿಳಿದು, ಅಡ್ಡಕ್ಕೆ ನೆಟ್ಟಗೆ ನಿಂತಿತು. ಬಲಗಡೆಯ ಲಿವರು ಮುಗಿಯಿತು. ವಿಜ್ಞಾನ ಇಷ್ಟು ಸುಲಭವೆಂದು ನನಗೆ ಗೊತ್ತಿದ್ದರೆ ನಾನೂ ಎಂಜಿನಿಯರೇ ಆಗುತ್ತಿದ್ದೆ.

ಎಡಗಡೆಯ ಲಿವರಿನ ಹೊತ್ತಿಗೆ ನಮ್ಮ ಬೆಕ್ಕು ಬಂತು. ಅದು ಬಂದದ್ದನ್ನು ಯಾರೂ ನೋಡಲಿಲ್ಲ, ಹಾರಿದ್ದನ್ನು ಮಾತ್ರ ಎಲ್ಲರೂ ನೋಡಿದೆವು. ಚೀಲಕ್ಕೆ ನಾಲ್ಕೂ ಕಾಲಿನಿಂದ ಜೋತುಬಿದ್ದು ಅದು ತೂಗಾಡುತ್ತಿರುವಾಗ "ಟಕ್" ಎಂದು ಒಂದು ಸದ್ದು ಕೇಳಿಸಿತು. ಬೆಕ್ಕನ್ನು ಬಿಡಿಸಿ ನೋಡಿದರೆ ಕೋಲಿನಲ್ಲಿ ಒಂದು ಬಿರುಕು ಇತ್ತು. ಆ ಸದ್ದು ಕೋಲಿನದ್ದೋ ಹ್ಯಾಂಡಲ್ಲಿನದ್ದೋ ಎಂದು ಯಾರಿಗೂ ಹೇಳಲಾಗಲಿಲ್ಲ. ಮಾವನವರು ಬಿಡಲಿಲ್ಲ. ಬೆಕ್ಕನ್ನು ಇನ್ನೊಂದು ಚೀಲದಲ್ಲಿ ತುಂಬಿ ಪಕ್ಕದ ದಿನಸಿ ಅಂಗಡಿಗೆ ಒಯ್ದು ತೂಗಿಸಿಕೊಂಡು ಬಂದು, "ಎಂಟು ಪಾಲು ಹೆಚ್ಚಾಗಿದೆ ಡಾಕ್ಟ್ರೇ" ಎಂದು ವಿಷಾದದಿಂದ ಹೇಳಿದರು. ಅವರ ಕೈಯೆಲ್ಲ ಪರಚಿದ ಗಾಯ.

ಹಲ್ಲಿನ ಒಳಬಿರುಕನ್ನು ಕಂಡುಹಿಡಿಯುವುದು ನನ್ನ ವೃತ್ತಿ. ಆದ್ದರಿಂದ ಸೈಕಲನ್ನು ಮನೆಯ ಮುಂದಿನ ಕ್ಲಿನಿಕ್ಕಿಗೆ ತಳ್ಳಿಕೊಂಡು ಹೋದೆ. ದವಡೆಯ ನೋವೆಂದು ಬೆಳಗ್ಗಿನಿಂದ ಕಾಯುತ್ತಿದ್ದ ಕಮಲಕ್ಕ ಎಂಬ ಅಜ್ಜಿ, "ಡಾಕ್ಟ್ರೇ, ಅದಕ್ಕೆ ನನಗಿಂತ ಮೊದಲು ನಂಬರಾ?" ಎಂದು ಕೇಳಿದರು. ಅರ್ಜೆಂಟ್ ಕೇಸು ಎಂದೆ. ಪ್ರಭಾಕರ ಸೈಕಲ್ಲನ್ನು ಅಪ್ಪಿಕೊಂಡು ನನ್ನ ಕುರ್ಚಿಯಲ್ಲಿ ಒರಗಿದ. ನಾನು ದೀಪ ಹಾಕಿ, ಕನ್ನಡಿಯ ಹಿಡಿಯಿಂದ ಹ್ಯಾಂಡಲ್ಲನ್ನು ಅಲ್ಲಲ್ಲಿ ತಟ್ಟುತ್ತಾ ಹೋದೆ. ಅಭ್ಯಾಸಬಲ ನೋಡಿ, ಲಿವರಿನ ಹತ್ತಿರ ತಟ್ಟುವಾಗ "ಇಲ್ಲಿ ನೋವುಂಟಾ?" ಎಂದು ಕೇಳಿಯೇಬಿಟ್ಟೆ. "ಇಲ್ಲ ಭಾವ" ಎಂದು ಪ್ರಭಾಕರ ಅದರ ಪರವಾಗಿ ಉತ್ತರಿಸಿದ. ಎಕ್ಸ್‌ರೇ ತೆಗೆದೆ. ಲೋಹದ ಪಟ್ಟಿ ಮಾತ್ರ, ಎಕ್ಸ್‌ರೇಯಲ್ಲಿ ಚಿನ್ನದ ಹಲ್ಲು ಬರುವ ಹಾಗೆ, ಬೆಳ್ಳಗೆ ಬಂತು. ಕಾರ್ಬನ್ನು ಮಂಜುಮಂಜಾಗಿ ಇದ್ದೂ ಇಲ್ಲದ ಹಾಗೆ ಕಂಡಿತು. ನನ್ನ ಇಷ್ಟು ವರ್ಷದ ವಿದ್ಯೆ ಅಲ್ಲಿಗೆ ಮುಗಿಯಿತು.

ಕ್ಲಿನಿಕ್ಕಿನಿಂದ ಹೊರಗೆ ತಂದು ನಿಲ್ಲಿಸಿದ ಮೇಲೆ ನಮ್ಮ ಊರಿನ ಗುಣ ಸುಮ್ಮನಿರುತ್ತದೆಯೇ? ಬಂದ ರೋಗಿಗಳೆಲ್ಲ ಒಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಲಿವರು ಹಿಡಿದು ಅಲ್ಲಾಡಿಸಿದರು. ಕಮಲಕ್ಕ ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ತುಂಬಿಕೊಂಡೇ ಎರಡೂ ಕಡೆ ತಿರುಚಿ ನೋಡಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿ ಹೋದರು. ಶನಿವಾರ ಸಂಜೆ ಬೆಕ್ಕನ್ನು ಬಚ್ಚಲಲ್ಲಿ ಕೂಡಿಹಾಕಿ, ಎರಡೂ ಸ್ಕ್ರೂ ಸಡಿಲಿಸಿ, ಹೊಸ ಕೋಲು, ಹೊಸ ಬಂಗುಡೆಗಳಿಂದ ಮತ್ತೊಮ್ಮೆ ಲೆಕ್ಕಕ್ಕೆ ಸರಿಯಾಗಿ ಬಿಗಿದೆವು. ಆದರೆ ಆ ಟಕ್ ಎಂಬ ಸದ್ದು ಎಲ್ಲರ ಕಿವಿಯಲ್ಲೂ ಉಳಿದಿತ್ತು. ಚಮಚ ಬಿದ್ದರೂ ಬಾಗಿಲ ಚಿಲಕ ಹಾಕಿದರೂ ಮನೆಮಂದಿ ಅಂಗಳಕ್ಕೆ ಓಡಿ ಹ್ಯಾಂಡಲ್ಲು ನೋಡುವಂತಾಗಿತ್ತು.

"ನೀನಾದರೂ ಬೇಡ ಅಂತ ಹೇಳು ಮಾರಾಯ್ತಿ" ಎಂದು ನಾನು ಸುಜಾತಳ ಮುಂದೆ ಗೋಗರೆದೆ. ಭಯವಾಗಿತ್ತು, ಅದರಲ್ಲಿ ಮುಚ್ಚಿಡುವುದೇನಿದೆ? ಅವಳು, "ತಮ್ಮ ಅಷ್ಟು ದೂರದಿಂದ ಹೊತ್ತು ತಂದಿದ್ದಾನೆ. ಹೇಗೆ ಹೇಳುದು?" ಎಂದಳು. ಹಾಗೆಂದವಳು ಆದಿತ್ಯವಾರ ಬೆಳಗ್ಗೆ ಹಿಡಿಯಿರುವ ಒಂದು ತೂಕುಪಾತ್ರೆ ತುಂಬ ಹಸಿ ಹಾಲು ಹಿಡಿದುಕೊಂಡು ಜೀಪು ಹತ್ತಿದಳು. ಅದೆಂಥದಕ್ಕೆ ಎಂದು ಕೇಳಿದೆ. "ಬಿದ್ದ ಹಲ್ಲನ್ನು ಹಾಲಿನಲ್ಲಿ ಹಾಕಿ ತಂದ್ರೆ ಮತ್ತೆ ಕೂರಿಸಬಹುದು ಅಂತ ಎಲ್ಲರಿಗೂ ನೀವೇ ಹೇಳುದಲ್ಲವಾ?" ಎಂದಳು. ನಿಜ, ಹೇಳುತ್ತೇನೆ. ಕೂರಿಸುವವನು ಯಾರು ಎಂದು ನಾನು ಕೇಳಲಿಲ್ಲ.

ಹೊರಟೆ. ಹಿಂದೆ ಜೀಪಿನಲ್ಲಿ ಭಾವ, ಮಾವ, ಹೆಂಡತಿ, ಹಾಲು. ಗುರುವಾಯನಕೆರೆ ದಾಟುವಾಗ ಏದುಸಿರು ಬಂತು. ಆಮೇಲೆ ಅಚ್ಚರಿಯೆಂದರೆ ಹಿತವಾಗತೊಡಗಿತು. ಲಿವರುಗಳು ನನ್ನ ಅಂಗೈಗೆ ಹೇಳಿ ಮಾಡಿಸಿದ ಹಾಗೆ ಕೂತಿದ್ದವು, ಒಂದಿಷ್ಟೂ ಜಾರಲಿಲ್ಲ. ಗದ್ದೆಯ ಮೇಲಿಂದ ಗಾಳಿ ಬರುತ್ತಿತ್ತು. ನಾನು ಸುಮ್ಮನೆ ಹೆದರಿದ್ದೆ ಎಂದುಕೊಂಡೆ. ವೇಣೂರು ಇನ್ನೇನು ಬಂತೆನ್ನುವಾಗ ಎದುರಿನಿಂದ ಬಸ್ಸು ಬಂತು. ಅದರ ಡ್ರೈವರು ನನ್ನ ಹಳೆಯ ರೋಗಿ. ಗುರುತು ಹಿಡಿದು ಉದ್ದಕ್ಕೆ ಹಾರ್ನು ಹೊಡೆದು, "ನಮಸ್ಕಾರ ಡಾಕ್ಟ್ರೇ!" ಎಂದು ಕೂಗಿದ. ನಮಸ್ಕಾರ ಹೇಳಿದವರಿಗೆ ಕೈ ಎತ್ತದೆ ಹೋದರೆ ನಮ್ಮ ಕಡೆ ಡಾಕ್ಟ್ರಿಗೆ ಭಾರೀ ಜಂಬ ಎಂದು ಸಂಜೆಯೊಳಗೆ ಮೂರು ಊರಿಗೆ ಸುದ್ದಿಯಾಗುತ್ತದೆ. ನಾನು ಕೈ ಎತ್ತಿದೆ.

ಒಂದು ಕೈಯಲ್ಲಿ ಸೈಕಲ್ಲು ಹಿಡಿಯುವ ವಿದ್ಯೆ ನನ್ನಲ್ಲಿರಲಿಲ್ಲ ಎಂಬುದು ಆಗ ತಿಳಿಯಿತು. ಎಡಗಡೆಯ ಲಿವರು ರಸ್ತೆಬದಿಯ ಮುರಕಲ್ಲಿಗೆ ಬಡಿಯಿತು, ನಾನು ಅದರಾಚೆಯ ಚರಂಡಿಯ ಕೆಸರಿಗೆ ಬಿದ್ದೆ. ಕಣ್ಣು ಬಿಟ್ಟಾಗ ಸುಜಾತ ಹಾಲಿನ ಪಾತ್ರೆ ಹಿಡಿದು ಚರಂಡಿಗೇ ಇಳಿದು ಬಂದಿದ್ದಳು. "ಬಾಯಿ ತೆರೀರಿ" ಎಂದಳು. ತೆರೆದೆ. ಬೆರಳಿನಿಂದ ಒಂದೊಂದೇ ಹಲ್ಲನ್ನು ಮುಟ್ಟಿ, ಅಲ್ಲಾಡಿಸಿ ನೋಡಿ, "ಎಲ್ಲಾ ಉಂಟು" ಎಂದಳು. ಬಸ್ಸಿನವರೆಲ್ಲ ಇಳಿದು ಸೈಕಲ್ಲಿನ ಸುತ್ತ ನೆರೆದಿದ್ದರು. ಎಡಗಡೆಯ ಲಿವರು ಪೂರಾ ಒಳಕ್ಕೆ ತಿರುಗಿತ್ತು. ಹ್ಯಾಂಡಲ್ಲು ಹಾಗೇ ಇತ್ತು. "ಸಡಿಲ ಆಗಿದೆ, ಟೈಟ್ ಮಾಡ್ಬೇಕಿತ್ತು" ಎಂದು ಬಸ್ಸಿನವರ ತೀರ್ಪು. ಮಾವನವರು ಜೀಪಿನ ಬಾನೆಟ್ಟು ತಟ್ಟಿ, "ಸಡಿಲ ಅಲ್ಲ, ಸರಿಯಾದ ಬಿಗಿ! ತಿರುಗಿದ್ದಕ್ಕೇ ಮುರಿಯಲಿಲ್ಲ. ಅರ್ಧ ಕಿಲೋ ಬಂಗುಡೆ, ಲೆಕ್ಕ ಬೇಕಾದ್ರೆ ತೋರಿಸ್ತೇನೆ!" ಎಂದು ಕೂಗಿದರು. ಲೆಕ್ಕ ನೋಡಲು ಯಾರೂ ನಿಲ್ಲಲಿಲ್ಲ.

ಭಾವ ಲಿವರನ್ನು ಕೈಯಲ್ಲೇ ಸ್ವಸ್ಥಾನಕ್ಕೆ ತಿರುಗಿಸಿ ಕೀಯಿಂದ ಹಿಡಿಸಿಕೊಟ್ಟ. ಅಲ್ಲಿಂದ ಮೂಡುಬಿದಿರೆಯವರೆಗೆ ಮೆಲ್ಲಗೆ, ಕಿವಿಯನ್ನು ಹ್ಯಾಂಡಲ್ಲಿನ ಮೇಲೇ ಇಟ್ಟುಕೊಂಡು ತುಳಿದೆ. ಹೊರಗೆ ಉಳಿದಂತೆ ಕಂಡದ್ದು ಒಳಗೆ ಬಿರಿದಿರಬಹುದಲ್ಲ! ಜೀಪಿನವರೂ ಇಂಜಿನ್ನಿನ ಸದ್ದು ಹೆಚ್ಚಾಗದ ಹಾಗೆ ಹಿಂದೆ ಹಿಂದೆ ಬಂದರು. ಕೊನೆಗೂ ಮಾವನ ಮನೆಯ ಅಂಗಳದಲ್ಲಿ ಇಳಿದು ಸೈಕಲ್ಲನ್ನು ಗೋಡೆಗೆ ಒರಗಿಸಿ, ಜಗಲಿಯಲ್ಲಿ ಕೂತೆವು.

ವಿಷಯ ಕೇಳಿದ ಅತ್ತೆಯವರು, "ಅಳಿಯಂದಿರ ಹಲ್ಲಿಗೆ ಎಂತ ಆಗಲಿಲ್ಲ ತಾನೇ?" ಎಂದು ಹೇಳುತ್ತಾ ತಟ್ಟೆ ತುಂಬ ಚಕ್ಕುಲಿ ತಂದಿಟ್ಟರು. ಅತ್ತೆಯವರ ಚಕ್ಕುಲಿಯ ಗಟ್ಟಿತನದ ಬಗ್ಗೆ ಅಳಿಯನಾಗಿ ನಾನು ಏನೂ ಹೇಳಬಾರದು, ಡಾಕ್ಟರನಾಗಿ ಹೇಳುವುದು ಬಹಳ ಇದೆ. ದೊಡ್ಡದೊಂದನ್ನು ಆರಿಸಿ, ಮುಂದಿನ ಹಲ್ಲುಗಳ ನಡುವೆ ಇಟ್ಟು ಕಚ್ಚಿದೆ.

"ಟಕ್" ಎಂದಿತು.

ಭಾವ ಹಾರಿ ಎದ್ದ. ಮಾವನವರು ಕನ್ನಡಕ ಹುಡುಕಿದರು. ಅತ್ತೆಯವರು ತಟ್ಟೆ ಹಿಡಿದೇ ಅಂಗಳಕ್ಕಿಳಿದರು. ಕ್ಷಣದೊಳಗೆ ಮೂವರೂ ಸೈಕಲ್ಲಿನ ಮೇಲೆ ಬಗ್ಗಿ ಹ್ಯಾಂಡಲ್ಲಿನ ಬಿರುಕು ಹುಡುಕುತ್ತಿದ್ದರು. ಸುಜಾತ ಒಬ್ಬಳು ಕೂತಲ್ಲಿಂದ ಏಳದೆ, ನನ್ನ ಬಾಯಿಯನ್ನೇ ನೋಡುತ್ತಿದ್ದಳು.